ಗೋಡೆಗೆ ಬೇಕಾದವಳು

ಬಿಳಿ ಕೋಟು ಅವಳದು. ಅದರೊಳಗೆ ನಿಂತವಳು ಯಜಮಾನರ ಸೊಸೆ.

"ಗದ್ದ ಸ್ವಲ್ಪ ಮೇಲೆ ಮೇಡಂ. ನಗಬೇಕು, ಆದ್ರೆ ಹಲ್ಲು ಕಾಣಬಾರ್ದು. ಔಷಧಿ ವ್ಯಾಪಾರ ನೋಡಿ, ಜಾಸ್ತಿ ನಕ್ಕರೆ ಜನ ನಂಬಲ್ಲ," ಎಂದ ಫೋಟೋದವನು.

ಸೊಸೆಗೆ ನಗು ಬಂತು. ಹಲ್ಲು ಕಂಡಿತು. ಮತ್ತೆ ಮೊದಲಿನಿಂದ.

ಕೋಟಿನ ಒಡತಿ ಪಕ್ಕದಲ್ಲಿ ಮಂಡಿಯೂರಿ, ದೊಡ್ಡದೊಂದು ಬಿಳಿ ರಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಕಿಟಕಿಯ ಬೆಳಕು ಆ ರಟ್ಟಿಗೆ ಬಡಿದು ಸೊಸೆಯ ಮುಖದ ಮೇಲೆ ಬೀಳಬೇಕಿತ್ತು. ತೋಳು ಜೋಮು ಹಿಡಿದಿತ್ತು. ರಟ್ಟು ಒಂದಿಷ್ಟು ಇಳಿದರೆ ಸಾಕು, ಫೋಟೋದವನು "ಏಯ್, ಮೇಲೆ, ಮೇಲೆ" ಎನ್ನುತ್ತಿದ್ದ. ಆ ಕೋಣೆಯಲ್ಲಿ ಔಷಧಶಾಸ್ತ್ರ ಓದಿದವಳು ಅವಳೊಬ್ಬಳೇ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವನಿಗೆ ಬೇಕಾದದ್ದು ಬೆಳಕು.

ಓಣಿಯವರು ಅವಳನ್ನು ಗುಳಿಗೆ ಎಂದು ಕರೆಯುತ್ತಿದ್ದರು. ಕಾಲೇಜಿನಿಂದ ಮೊದಲ ರಜೆಗೆ ಬಂದಾಗ ಮೈಕೈ ನೋವೆಂದವರಿಗೂ ನೆಗಡಿ ಎಂದವರಿಗೂ "ಇದಕ್ಕೆಲ್ಲ ಗುಳಿಗೆ ಬೇಡ" ಎಂದು ಹೇಳಿ ಹೇಳಿ ಆ ಹೆಸರು ಅಂಟಿತು. ಗುಳಿಗೆ ಬೇಡ ಅನ್ನುವ ಗುಳಿಗೆ ಎಂದು ನಗುತ್ತಿದ್ದರು. ಓಣಿ ದೊಡ್ಡಾಸ್ಪತ್ರೆಯ ಹಿಂದಿನ ಗೋಡೆಗೆ ಒರಗಿಕೊಂಡಿತ್ತು. ಅಲ್ಲಿಯ ಗಂಡಸರು ಚರಂಡಿಗೆ ಇಳಿಯುವವರು, ಹೆಣ ಎತ್ತುವವರು. ಹೆಂಗಸರು ವಾರ್ಡು ಒರೆಸುವವರು, ರಕ್ತ ಮೆತ್ತಿದ ಹಾಸುಬಟ್ಟೆ ಒಗೆಯುವವರು. ಅಜ್ಜಂದಿರ ಕಾಲದಿಂದ ಅದೇ ಕೆಲಸ. ಊರಿನವರು ಆ ಓಣಿಯವರನ್ನು ಕೆಲಸಕ್ಕೆ ಕರೆಯುತ್ತಿದ್ದರು, ಆದರೆ ಅವರ ಕೈಯಿಂದ ಏನನ್ನೂ ಈಸಿಕೊಳ್ಳುತ್ತಿರಲಿಲ್ಲ. ಗುಳಿಗೆಯ ಅಪ್ಪ ಶವಾಗಾರದಲ್ಲಿ ಹೆಣ ಕೊಯ್ಯುತ್ತಿದ್ದವನು. ಕಳೆದ ವರ್ಷ ನಿವೃತ್ತನಾಗಿದ್ದ. ನಿವೃತ್ತಿಯ ದಿನ ಅವನು ತನಗಾಗಿ ಏನನ್ನೂ ಕೊಳ್ಳಲಿಲ್ಲ. ಮಗಳಿಗೆ ಆ ಕೋಟು ಹೊಲಿಸಿದ. ಜೇಬಿನ ಮೇಲೆ ಅವಳ ಪೂರ್ತಿ ಹೆಸರು, ಕೆಳಗೆ 'ಫಾರ್ಮಸಿಸ್ಟ್' ಎಂದು ನೀಲಿ ದಾರದಲ್ಲಿ ಬರೆಸಿದ.

ಈಗ ಆ ಹೆಸರು ಸೊಸೆಯ ಎದೆಯ ಮೇಲಿತ್ತು.

ಫೋಟೋದವನು ಹೋದ ಮೇಲೆ ಯಜಮಾನರು ಬಂದರು. ಆಸ್ಪತ್ರೆ ಗೇಟಿನ ಎದುರಿನ ಮೆಡಿಕಲ್ ಸ್ಟೋರ್ ಅವರದು. ಈ ಹೊಸ ಆನ್‌ಲೈನ್ ವ್ಯವಹಾರಕ್ಕೆ ಬಂಡವಾಳವೂ ಅವರದು.

"ಏನಮ್ಮಾ, ಮುಖ ಸಣ್ಣ ಮಾಡ್ಕೊಂಡಿದ್ದೀಯ? ವೆಬ್‌ಸೈಟಿಗೆ ಒಂದು ಫೋಟೋ ಅಷ್ಟೆ. ಹೆಸರು ನಿಂದೇ, ರಿಜಿಸ್ಟ್ರೇಷನ್ ನಂಬರು ನಿಂದೇ."

"ಹೆಸರು ನಂದಾದ್ರೆ ಮುಖಾನೂ ನಂದೇ ಇರಬೇಕಲ್ವಾ ಯಜಮಾನ್ರೇ?"

"ನೋಡು, ಈ ಊರು ಇರೋದೇ ಹೀಗೆ. ಇದನ್ನ ನಾನು ಮಾಡಿದ್ದಲ್ಲ. ನಿಮ್ಮ ಓಣಿ ಮುಖ ಯಾರಿಗೆ ಗೊತ್ತಿಲ್ಲ ಹೇಳು? ನನಗೇನೂ ಭೇದ ಇಲ್ಲ. ನೀನು ತಂದ ಟೀ ಕುಡಿಯಲ್ವಾ ನಾನು?"

ಕುಡಿಯುತ್ತಿದ್ದರು, ನಿಜ. ಹೋಟೆಲಿನವನು ಮಾಡಿದ ಟೀ, ಹೋಟೆಲಿನವನ ಫ್ಲಾಸ್ಕಿನಲ್ಲಿ. ಅದನ್ನು ತಮ್ಮ ಲೋಟಕ್ಕೆ ತಾವೇ ಬಗ್ಗಿಸಿಕೊಳ್ಳುತ್ತಿದ್ದರು.

ಅವಳು ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೇರೆಯವರ ಸೆಂಟಿನ ವಾಸನೆ ಬರುತ್ತಿತ್ತು.

*

ಓದು ಮುಗಿಸಿ ಅವಳು ಮೊದಲು ಸೇರಿದ್ದು ಯಜಮಾನರ ಮೆಡಿಕಲ್ ಸ್ಟೋರಿಗೇ. ಮೊದಲ ದಿನವೇ ಒಬ್ಬಾಕೆ ಕೆಮ್ಮಿನ ಔಷಧಿಗೆ ಬಂದಳು. ಗುಳಿಗೆ ಬಾಟಲಿ ಮುಂದೆ ಚಾಚಿದಳು. ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು.

"ನೀನು ಹೆಣ ಕೊಯ್ಯೋನ ಮಗಳಲ್ವಾ?"

"ಹೌದು."

"ಅಲ್ಲಿಡು. ಬೇರೆಯವರು ಕೊಡಲಿ."

ಬಾಟಲಿ ಗಾಜಿನ ಮೇಲೆ ಕೂತಿತ್ತು. ಪಕ್ಕದಲ್ಲಿದ್ದ ಕೌಂಟರ್‌ನವನು ಅದನ್ನು ಬಟ್ಟೆಯಿಂದ ಒರೆಸಿ ಆಕೆಗೆ ಕೊಟ್ಟ. ಹತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ಅವನು. ಮಾತು ಮಾತ್ರ ಬೆಣ್ಣೆ. ಮರುದಿನದಿಂದ ಗುಳಿಗೆಗೆ ಹಿಂದಿನ ಕೋಣೆಯಲ್ಲಿ ಕೆಲಸ. ಲಾರಿಯಿಂದ ಇಳಿದ ರಟ್ಟಿನ ಡಬ್ಬಗಳನ್ನು ಬೆನ್ನ ಮೇಲೆ ಹೊತ್ತು ತರಬೇಕು, ಬಿಚ್ಚಬೇಕು, ಸೀಸೆಗಳ ಧೂಳು ಒರೆಸಬೇಕು. ಅವಳ ಸರ್ಟಿಫಿಕೇಟು ಮಾತ್ರ ಮುಂದಿನ ಗೋಡೆಯಲ್ಲೇ ಉಳಿಯಿತು. ಗಾಜಿನ ಚೌಕಟ್ಟು, ಮೇಲೊಂದು ಸಣ್ಣ ಬಲ್ಬು. ಅದಿಲ್ಲದೆ ಅಂಗಡಿ ತೆರೆಯುವ ಹಾಗಿರಲಿಲ್ಲ. ಪ್ರತಿ ಬಿಲ್ಲಿನ ಕೆಳಗೂ ಅವಳ ಹೆಸರು ಅಚ್ಚಾಗಿ ಬರುತ್ತಿತ್ತು.

ಅದೇ ಅಂಗಡಿಗೆ ಹೊಲಿಗೆಯವಳೊಬ್ಬಳು ಬರುತ್ತಿದ್ದಳು. ಕೀಲು ಕೀಲೂ ಊದಿ ಸೂಜಿ ಹಿಡಿಯಲಾಗದವಳು. ಡಾಕ್ಟರು ಒಂದು ಮಾತ್ರೆ ಬರೆದಿದ್ದರು. ವಾರಕ್ಕೆ ಒಂದೇ ಒಂದು ಸಲ ನುಂಗಬೇಕಾದದ್ದು. ಕೌಂಟರ್‌ನವನು ಲಕೋಟೆಯ ಮೇಲೆ 'ದಿನಕ್ಕೊಂದು' ಎಂದು ಬರೆದುಕೊಟ್ಟ. ಅವನಿಗೆ ಎಲ್ಲ ಮಾತ್ರೆಯೂ ದಿನಕ್ಕೊಂದೇ. ಆ ಹೊತ್ತಿಗೆ ಗುಳಿಗೆ ಗೋಡೆಯ ಈಚೆ ಡಬ್ಬ ಬಿಚ್ಚುತ್ತಿದ್ದಳು. ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ.

ಅದಾದ ಕೆಲವು ವಾರಕ್ಕೆ ಅಪ್ಪ ಊಟಕ್ಕೆ ಕೂತು ತಟ್ಟೆ ಸರಿಸಿದ. ಯಾವ ಹೆಣ ಕೊಯ್ದು ಬಂದರೂ ಸೋಪು ಹಾಕಿ ಕೈ ತಿಕ್ಕಿ ಹೊಟ್ಟೆ ತುಂಬ ಉಣ್ಣುತ್ತಿದ್ದವನು.

"ಇವತ್ತೊಂದು ಹೆಣ ಬಂತು ಮಗಳೇ. ದಾರೀಲೇ ಜೀವ ಹೋಗಿತ್ತಂತೆ. ಬಾಯೊಳಗೆಲ್ಲ ಹುಣ್ಣು. ಗಂಟಲ ತನಕ. ಒಂದು ತುತ್ತು ಇಳಿಯೋ ಹಾಗಿರಲಿಲ್ಲ. ಪಾಪ, ಬೆರಳಲ್ಲಿ ಸೂಜಿ ಚುಚ್ಚಿದ ಹಳೇ ಕಲೆ."

ಅದು ಆ ಹೊಲಿಗೆಯವಳೆಂದು ಗುಳಿಗೆಗೆ ಅರ್ಥವಾಯಿತು. ವಾರದ ಮಾತ್ರೆಯನ್ನು ದಿನವೂ ನುಂಗಿದರೆ ಮೊದಲು ಬಾಯಿ ಹುಣ್ಣಾಗುತ್ತದೆ. ಆಮೇಲೆ ರಕ್ತ ಹುಟ್ಟುವುದು ನಿಲ್ಲುತ್ತದೆ. ಇದು ಪಠ್ಯಪುಸ್ತಕದ ಒಂದು ಪುಟದ ಮಾತು. ಮರುದಿನ ಹೊಲಿಗೆಯವಳ ಮನೆಯಲ್ಲಿ ಆ ಲಕೋಟೆ ನೋಡಿ ಬಂದು ಅವಳು ಕೌಂಟರ್‌ನವನ ಎದುರು ನಿಂತು ಹೇಳಿದಳು. ಅವನು ನಕ್ಕ. "ವಯಸ್ಸಾಗಿತ್ತು, ಹೋದ್ಳು. ನಿಮ್ಮಪ್ಪ ಡಾಕ್ಟ್ರಾ, ರಿಪೋರ್ಟ್ ಕೊಡೋಕೆ?" ರಿಪೋರ್ಟಿನಲ್ಲಿ ಸೋಂಕು ಎಂದಿತ್ತು. ಶವಾಗಾರದ ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತು ಬರೆದದ್ದು.

ಆಗ ಅವಳ ತಲೆಗೆ ಆನ್‌ಲೈನ್ ಔಷಧಿಯ ಯೋಚನೆ ಹೊಕ್ಕಿತು. ರೋಗಿ ಮನೆಯಲ್ಲೇ ಕೂತು ಫೋನಿನಲ್ಲಿ ಡಾಕ್ಟರ ಚೀಟಿಯ ಚಿತ್ರ ಕಳಿಸುತ್ತಾನೆ. ಅವಳು ಚೀಟಿ ಓದುತ್ತಾಳೆ, ಔಷಧಿ ತೆಗೆಯುತ್ತಾಳೆ, ಅನುಮಾನವಿದ್ದರೆ ಫೋನು ಮಾಡಿ ಕೇಳುತ್ತಾಳೆ. ಔಷಧಿ ಡಬ್ಬದಲ್ಲಿ ಕೂತು ಮನೆಗೆ ಹೋಗುತ್ತದೆ. ಕೊಟ್ಟ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಡಬ್ಬಕ್ಕೆ ಕೈ ಇರುವುದಿಲ್ಲ. ಯಜಮಾನರಿಗೆ ಅವಳೇ ಹೋಗಿ ಇದನ್ನೆಲ್ಲ ಹೇಳಿದಳು. ಅವರು ಬೇಗ ಒಪ್ಪಿದರು. "ಚೀಟಿ ನೋಡೋ ಮೇಜು ನಿಂದೇ. ನೀನು ನೋಡದೆ ಒಂದು ಮಾತ್ರೆ ಹೊರಗೆ ಹೋಗಲ್ಲ," ಎಂದು ಮಾತು ಕೊಟ್ಟರು.

ಕೈ ಕಾಣದಿದ್ದರೆ ತನ್ನ ಕೈಗೂ ಜಾಗ ಸಿಗುತ್ತದೆ ಎಂದು ಅವಳು ಎಣಿಸಿದ್ದಳು. ಕೈ ಕಾಣದಿದ್ದರೆ ಯಾರ ಕೈಯಾದರೂ ನಡೆಯುತ್ತದೆ ಎಂದು ಯಜಮಾನರು ಎಣಿಸಿದ್ದರು. ಇದು ಅವಳಿಗೆ ತಿಳಿದದ್ದು ತಡವಾಗಿ.

*

ಲೈಸೆನ್ಸಿನ ಓಡಾಟವೆಲ್ಲ ಅವಳ ಕಾಲಿನ ಮೇಲೆ ನಡೆಯಿತು.

ಬಾಡಿಗೆಗೆ ಸಿಕ್ಕಿದ್ದು ಹಿಂದೆ ಚಪ್ಪಲಿ ಗೋದಾಮಾಗಿದ್ದ ಕೋಣೆ. ನೆಲದ ತುಂಬ ಅಂಟು ಒಣಗಿ ಕಲ್ಲಾಗಿತ್ತು. ಬ್ಲೇಡು ಹಿಡಿದು ಕುಕ್ಕರಗಾಲಲ್ಲಿ ಕೂತು ಕೆರೆದಳು. ಉಗುರು ಎದ್ದುಬಂತು. ಗೋಡೆಗೆ ಸುಣ್ಣ ಬಳಿದಳು. ಕಬ್ಬಿಣದ ರ್‍ಯಾಕುಗಳನ್ನು ಮೆಡಿಕಲ್ ಸ್ಟೋರಿನ ಪ್ಯಾಕಿಂಗ್ ಅಕ್ಕನೂ ಅವಳೂ ಇಬ್ಬರೇ ಒಳಗೆ ಎಳೆದರು. ಪ್ಯಾಕಿಂಗ್ ಅಕ್ಕನ ಬಾಯಿ ಜೋರು. "ಮದುವೆ ಮನೆ ಸಾರಿಸಿದ ಹಾಗೆ ಸಾರಿಸ್ತಿದ್ದೀಯಲ್ಲೇ, ಗಂಡು ಯಾರು?" ಎಂದಳು.

"ಗಂಡು ಅಲ್ಲ ಅಕ್ಕಾ, ಮೇಜು."

"ಮೇಜನ್ನ ಕಟ್ಕೋತೀಯಾ? ಒಳ್ಳೇದು ಬಿಡು. ಕುಡಿದು ಬಂದು ಹೊಡೆಯಲ್ಲ."

ಇಬ್ಬರೂ ನಕ್ಕರು. ಆ ಕೋಣೆಯಲ್ಲಿ ಅವಳು ನಕ್ಕದ್ದು ಅಷ್ಟೇ.

ಔಷಧಿ ನಿಯಂತ್ರಣ ಕಚೇರಿಗೆ ಕೋಣೆಯ ನಕ್ಷೆ ಕೊಡಬೇಕಿತ್ತು. ಸ್ಕೇಲು ಹಿಡಿದು ಅವಳೇ ಬರೆದಳು. ಬಾಗಿಲು, ಕಿಟಕಿ, ರ್‍ಯಾಕು, ಇನ್ಸುಲಿನ್ ಇಡುವ ಫ್ರಿಜ್ಜು. ಕಿಟಕಿಯ ಪಕ್ಕದಲ್ಲಿ ಒಂದು ಸಣ್ಣ ಚೌಕ ಎಳೆದು ಒಳಗೆ 'ಚೀಟಿ ಪರಿಶೀಲನೆ' ಎಂದು ಬರೆದಳು. ಕಚೇರಿಯ ಗುಮಾಸ್ತ ಒಂದು ಸಲ ಅಳತೆ ಸಾಲದೆಂದು ನಕ್ಷೆ ವಾಪಸ್ಸು ಕೊಟ್ಟ, ಇನ್ನೊಂದು ಸಲ ಪೆನ್ಸಿಲಿನಲ್ಲಿದೆ ಎಂದು. ಮತ್ತೆ ಬರೆದಳು. ಪ್ರತಿ ಸಲವೂ ಆ ಚೌಕವನ್ನು ಮಾತ್ರ ಕೊನೆಗೆ, ನಿಧಾನವಾಗಿ ಎಳೆಯುತ್ತಿದ್ದಳು. ಅದರೊಳಗೆ ಕೂರುವವಳು ತಾನು.

ವೆಬ್‌ಸೈಟು ಮಾಡುವ ಹುಡುಗನಿಗೆ ನಿಯಮಗಳನ್ನು ಬರೆದುಕೊಟ್ಟವಳೂ ಅವಳೇ. ಚೀಟಿ ಇಲ್ಲದೆ ಔಷಧಿ ಇಲ್ಲ. ವಾರಕ್ಕೊಂದರ ಮಾತ್ರೆಯಾದರೆ ರೋಗಿಗೆ ಫೋನು ಮಾಡಿ ಮಾತಾಡದೆ ಡಬ್ಬ ಮುಚ್ಚುವಂತಿಲ್ಲ.

"ಹೀಗೆ ಫೋನ್ ಮಾಡ್ತಾ ಕೂತರೆ ಡಬ್ಬ ಹೊರಡೋದು ಯಾವಾಗ ಅಕ್ಕಾ?" ಎಂದ ಅವನು.

"ಹೊರಡದಿದ್ರೂ ಪರವಾಗಿಲ್ಲ."

ಮುಂದಿನ ಗೋಡೆಗೆ ಮೊಳೆ ಹೊಡೆದು ಸರ್ಟಿಫಿಕೇಟಿನ ಚೌಕಟ್ಟನ್ನು ಹಳೆ ಅಂಗಡಿಯಿಂದ ತಂದು ತೂಗಿಹಾಕಿದರು. ಹಳೆ ಅಂಗಡಿಗೆ ಯಜಮಾನರು ಬೇರೊಬ್ಬನ ಸರ್ಟಿಫಿಕೇಟು ಬಾಡಿಗೆಗೆ ತಂದರು. ಆ ಮನುಷ್ಯನನ್ನು ಅಂಗಡಿಯಲ್ಲಿ ಯಾರೂ ನೋಡಿರಲಿಲ್ಲ.

*

ಲೈಸೆನ್ಸಿಗಾಗಿ ಕೋಣೆ ನೋಡಲು ಔಷಧಿ ನಿಯಂತ್ರಣ ಕಚೇರಿಯ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮಧ್ಯಾಹ್ನ ಕೋಣೆಯ ಹಿಂದಿನ ಮೋರಿ ಕಟ್ಟಿಕೊಂಡಿತು. ಕೊಳಕು ನೀರು ಹಿತ್ತಿಲ ಮೆಟ್ಟಿಲು ಹತ್ತಿತು. ಯಜಮಾನರು ಮೂಗು ಮುಚ್ಚಿಕೊಂಡರು. ಕೌಂಟರ್‌ನವನು ಮೂಗು ಮುಚ್ಚಿಕೊಂಡ. ಆಮೇಲೆ ಎಲ್ಲರೂ ಗುಳಿಗೆಯ ಕಡೆ ನೋಡಿದರು. ಹೇಳುವ ಅಗತ್ಯವಿರಲಿಲ್ಲ.

"ನಿಮ್ಮೋರು ಯಾರಾದ್ರೂ ಇದ್ರೆ..." ಎಂದರು ಯಜಮಾನರು, ಕೊನೆಗೆ.

"ನನಗೆ ಗೊತ್ತಿರೋರು ಯಾರೂ ಖಾಲಿ ಇಲ್ಲ."

"ನಿಮ್ಮಪ್ಪ ಮನೇಲೇ ಇದ್ದಾನಲ್ಲ."

ಅವಳು ಫೋನು ಮಾಡಲಿಲ್ಲ. ಕೌಂಟರ್‌ನವನು ಮಾಡಿದ. ಅವನು ಏನು ಹೇಳಿದನೋ, ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಮಗಳ ಔಷಧಿ ಅಂಗಡಿ ನೋಡಲು ಕರೆದಿದ್ದಾರೆ ಎಂದುಕೊಂಡಿದ್ದ. ಮುಂದಿನ ಬಾಗಿಲಲ್ಲಿ ನಿಂತು ತಲೆ ಕೂದಲು ಸವರಿಕೊಂಡ.

"ಹಿಂದಿನಿಂದ, ಹಿಂದಿನಿಂದ," ಎಂದ ಕೌಂಟರ್‌ನವನು. "ಮೋರಿ ಹಿಂದಿದೆ."

ಅಪ್ಪ ಸುತ್ತಿಕೊಂಡು ಹಿತ್ತಿಲಿಗೆ ಬಂದ. ಆಮೇಲೆ ಅಂಗಿ ಬಿಚ್ಚಿ ಮಡಚಿ ಮಗಳ ಕೈಗೆ ಕೊಟ್ಟ. "ಕೊಳೆಯಾಗದ ಹಾಗೆ ಇಟ್ಟಿರು," ಎಂದ. ಮೊಣಕಾಲ ನೋವಿನವನು. ಗೋಡೆ ಹಿಡಿದು ಬಗ್ಗಿದ. ತೋಳು ಭುಜದ ತನಕ ಒಳಗೆ ಇಳಿಸಿದ. ಹಳೆ ಚಪ್ಪಲಿಯ ಅಟ್ಟೆ, ಬಟ್ಟೆ ಚಿಂದಿ, ಕೂದಲು, ಜಿಡ್ಡು. ಹಿಡಿ ಹಿಡಿಯಾಗಿ ತೆಗೆದು ಬಕೆಟ್ಟಿಗೆ ಹಾಕಿದ. ಗುಳಿಗೆ ಅಂಗಿಯನ್ನು ಪ್ಯಾಕಿಂಗ್ ಅಕ್ಕನಿಗೆ ಕೊಟ್ಟು, ತಾನೂ ಬಗ್ಗಿ ಬಕೆಟ್ಟು ಎತ್ತಿದಳು.

"ನೀನು ಬಿಡು. ನಾಳೆ ಆ ಕೈಯಲ್ಲಿ ಔಷಧಿ ಮುಟ್ಟಬೇಕು," ಎಂದ ಅಪ್ಪ.

"ನೀರು ಹಾಕಿ ತೊಳ್ಕೋತೀನಿ ಅಪ್ಪಾ."

"ನಾನೂ ದಿನಾ ತೊಳ್ಕೋತಿದ್ದೆ."

ಮೋರಿ ಸರಾಗವಾಯಿತು. ಅಪ್ಪ ನಲ್ಲಿಯ ಕೆಳಗೆ ಕೈಕಾಲು ತೊಳೆದು, "ಒಂದು ಸಲ ಒಳಗೆ ನೋಡಬಹುದಾ?" ಎಂದು ಯಜಮಾನರನ್ನು ಕೇಳಿದ. ಕೇಳುವಾಗ ನಗುತ್ತಿದ್ದ.

"ನಾಳೆ ಇನ್‌ಸ್ಪೆಕ್ಷನ್ನು ಕಣಯ್ಯಾ. ಈಗ ತಾನೇ ನೆಲ ಒರೆಸಿದ್ದು. ಇಲ್ಲಿಂದಲೇ ಕಾಣುತ್ತಲ್ಲ."

ಕಾಣುತ್ತಿತ್ತು. ಹಿಂದಿನ ಬಾಗಿಲಿನ ಹೊಸ್ತಿಲಾಚೆ ನಿಂತು ಅಪ್ಪ ಕತ್ತು ಚಾಚಿದ. ಗೋಡೆಯಲ್ಲಿ ಮಗಳ ಸರ್ಟಿಫಿಕೇಟು. ಅದರ ಪಕ್ಕದಲ್ಲಿ ಆಳೆತ್ತರದ ಹೊಸ ಬೋರ್ಡು. ಬೋರ್ಡಿನಲ್ಲಿ ಬಿಳಿ ಕೋಟು ತೊಟ್ಟ ಯಾರೋ ಹೆಂಗಸು ಹಲ್ಲು ಕಾಣದ ಹಾಗೆ ನಗುತ್ತಿದ್ದಳು. ಕೋಟಿನ ಜೇಬಿನ ಮೇಲೆ ನೀಲಿ ದಾರ. ಅಪ್ಪನಿಗೆ ಓದು ಅಷ್ಟಕ್ಕಷ್ಟೇ. ಆದರೆ ಆ ಅಕ್ಷರಗಳನ್ನು ಬರೆಸಿದವನು ಅವನು. ಗುರುತು ಸಿಕ್ಕಿತು. ಬೋರ್ಡು ನೋಡಿದ, ಮಗಳ ಮುಖ ನೋಡಿದ. ಅಂಗಿ ಹಾಕಿಕೊಂಡು, ಗುಂಡಿ ತಪ್ಪಾಗಿ ಸಿಕ್ಕಿಸಿಕೊಂಡು ಹೊರಟುಹೋದ.

ಸಂಜೆ ಯಜಮಾನರು ಅವಳನ್ನು ಕೂರಿಸಿಕೊಂಡು ಸಮಾಧಾನದಲ್ಲಿ ಮಾತಾಡಿದರು.

"ನಾಳೆ ಕೋಟು ಹಾಕ್ಕೊಂಡು ಆ ಮೇಜಿನ ಹಿಂದೆ ಕೂತಿರು. ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆಲ್ಲ ಹೌದು ಅನ್ನು. ಅಷ್ಟೇ ನಿನ್ನ ಕೆಲಸ. ನಾಡಿದ್ದಿನಿಂದ ನೀನು ಬರೋದೂ ಬೇಡ. ಸಂಬಳ ಮನೆಗೇ ಬರುತ್ತೆ."

"ಬರೋದು ಬೇಡ ಅಂದ್ರೆ?"

"ಮನೇಲಿ ಆರಾಮಾಗಿರು. ಅಪ್ಪನ್ನ ನೋಡ್ಕೋ. ಆ ಮೇಜಿನ ಜಾಗದಲ್ಲಿ ಇನ್ನೊಂದು ಪ್ಯಾಕಿಂಗ್ ಹಲಗೆ ಹಿಡಿಸುತ್ತೆ."

"ಚೀಟಿ ಯಾರು ನೋಡ್ತಾರೆ?"

"ಕೌಂಟರ್‌ನವನು ಇದ್ದಾನಲ್ಲ. ಅನುಭವಸ್ಥ." ಯಜಮಾನರು ಡ್ರಾವರ್ ಎಳೆದು ಒಂದು ರಬ್ಬರ್ ಮೊಹರು ತೆಗೆದು ತೋರಿಸಿದರು. ಅವಳ ಸಹಿ. ಕೊನೆಯ ಅಕ್ಷರದ ಬಾಲದವರೆಗೂ ಅವಳದೇ. "ನೋಡು, ನಿನಗೆ ಕೈ ನೋವೂ ಇಲ್ಲ."

ಅವಳು ಆ ಮೊಹರನ್ನೇ ನೋಡಿದಳು. ಹೊಲಿಗೆಯವಳ ಲಕೋಟೆ ನೆನಪಾಯಿತು. ದಿನಕ್ಕೊಂದು.

ಮನೆಗೆ ಬಂದಾಗ ಅಪ್ಪ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅವಳು ಎಲ್ಲ ಹೇಳಿದಳು. ಅವನು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟ.

"ಒಪ್ಕೋ," ಎಂದ. "ನಾನು ಕೊಯ್ತಿದ್ದೆ, ಹೊಲೀತಿದ್ದೆ, ಡಾಕ್ಟ್ರು ಬಾಗಿಲಲ್ಲಿ ನಿಂತು ಸಹಿ ಹಾಕ್ತಿದ್ರು. ನನ್ನದು ಬರೀ ಕೈ, ಹೆಸರಿರಲಿಲ್ಲ. ನಿನ್ನದು ಹೆಸರಾದ್ರೂ ಇದೆ. ಕೈ ಬೇಡ ಅಂದ್ರೆ ಬೇಡ. ಕೂತು ಉಣ್ಣೋ ಭಾಗ್ಯ ನಮ್ಮ ಓಣೀಲಿ ಯಾರಿಗೆ ಬಂದಿದೆ?"

"ಅವನು ಮತ್ತೆ ಯಾರಿಗಾದ್ರೂ ತಪ್ಪು ಔಷಧಿ ಕೊಟ್ರೆ?"

"ಲೋಕ ಉದ್ಧಾರ ಮಾಡೋಕೆ ನಾವೇ ಆಗಬೇಕಾ ಮಗಳೇ? ಓಣಿಗೆಲ್ಲ ಹೇಳಿಬಿಟ್ಟಿದ್ದೀನಿ. ನನ್ನ ಮಗಳ ಅಂಗಡಿ ಅಂತ."

*

ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ. ದಣಿದವರು. ಬೆಳಗಿನಿಂದ ಅದು ಅವರ ಎಷ್ಟನೆಯ ಅಂಗಡಿಯೋ. ಟೇಪು ಹಿಡಿದು ನೆಲ ಅಳೆದರು. ಫ್ರಿಜ್ಜಿನ ಬಾಗಿಲು ತೆರೆದು ಉಷ್ಣಮಾಪಕ ನೋಡಿದರು. "ಚೆನ್ನಾಗಿಟ್ಟಿದ್ದೀರಿ," ಎಂದರು. ಯಜಮಾನರು ಹಿಗ್ಗಿದರು. ಗುಳಿಗೆ ಕಿಟಕಿಯ ಪಕ್ಕದ ಮೇಜಿನ ಹಿಂದೆ ಕೋಟು ತೊಟ್ಟು ಕೂತಿದ್ದಳು. ಕಿಟಕಿಯ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಚೀಟಿ ಓದಲು ಒಳ್ಳೆಯ ಬೆಳಕು. ಅದನ್ನು ನೋಡಿಯೇ ಅಲ್ಲಿ ಚೌಕ ಎಳೆದಿದ್ದಳು.

ಇನ್‌ಸ್ಪೆಕ್ಟರು ಎದುರಿನ ಕುರ್ಚಿಯಲ್ಲಿ ಕೂತು ಪೆನ್ನಿನ ಕ್ಯಾಪು ತೆಗೆದರು. ಬೋರ್ಡಿನ ಹೆಂಗಸನ್ನೂ ಅವಳನ್ನೂ ಒಂದು ಸಲ ನೋಡಿದರು. ಅದರ ಬಗ್ಗೆ ಕೇಳಲಿಲ್ಲ. ಗೋಡೆಯ ಸರ್ಟಿಫಿಕೇಟಿನ ನಂಬರು ಬರೆದುಕೊಂಡರು.

"ಇಲ್ಲಿಂದ ಹೋಗೋ ಪ್ರತಿಯೊಂದು ಔಷಧೀನೂ ನಿಮ್ಮ ಕಣ್ಣೆದುರಿಗೇ, ನೀವು ನೋಡಿದ ಮೇಲೇ ಹೋಗುತ್ತಾ?"

ಅಪ್ಪನ ತಪ್ಪು ಗುಂಡಿ ಹಾಕಿದ ಅಂಗಿ ಕಣ್ಣ ಮುಂದೆ ಬಂತು. ಓಣಿ ಬಂತು. ಹೌದು ಎಂದರೆ ಮುಗಿಯಿತು. ಎರಡಕ್ಷರ.

"ಇಲ್ಲ," ಎಂದಳು.

"ಏನಂದ್ರಿ?" ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ.

"ಹೆದರಿದ್ದಾಳೆ ಸಾರ್," ಎಂದು ಯಜಮಾನರು ನಕ್ಕರು. "ಹೌದು ಅಂತಿದ್ದಾಳೆ. ಹೇಳಮ್ಮಾ, ಬಾಯಿ ಬಿಟ್ಟು ಹೇಳು."

ಇನ್‌ಸ್ಪೆಕ್ಟರು ಧ್ವನಿ ತಗ್ಗಿಸಿದರು. "ನೋಡಿ ಅಮ್ಮಾ, ಇದು ಎಲ್ಲರಿಗೂ ಕೇಳೋ ಪ್ರಶ್ನೆ. ಎಲ್ಲರೂ ಒಂದೇ ಉತ್ತರ ಹೇಳ್ತಾರೆ. ಇನ್ನೊಂದು ಸಲ ಕೇಳ್ತೀನಿ. ಯೋಚನೆ ಮಾಡಿ ಹೇಳಿ."

"ಇಲ್ಲ ಸಾರ್. ನಾಳೆಯಿಂದ ನಾನು ಬರಬಾರ್ದು ಅಂದಿದ್ದಾರೆ. ಈ ಮೇಜೂ ಇರಲ್ಲ. ಚೀಟಿ ನೋಡೋನು ಅಲ್ಲಿ ನಿಂತಿದ್ದಾನಲ್ಲ, ಅವನು. ಅವನು ಓದಿಲ್ಲ. ನನ್ನ ಸಹಿ ಆ ಡ್ರಾವರ್‌ನಲ್ಲಿದೆ, ರಬ್ಬರ್‌ದು. ವಾರಕ್ಕೊಂದು ಮಾತ್ರೇನ ದಿನಕ್ಕೊಂದು ಅಂತ ಬರೆದುಕೊಟ್ಟ. ಒಬ್ಬಳು ಹೊಲಿಗೆಯವಳು ಸತ್ತಳು. ಬಿಲ್ಲಿನ ಕೆಳಗೆ ನನ್ನ ಹೆಸರಿತ್ತು. ನಾನು ಗೋಡೆ ಆಚೆ ಡಬ್ಬ ಹೊರ್ತಿದ್ದೆ. ಹೌದು ಅಂತ ನಾನು ಹೇಳಲ್ಲ. ಬರ್ಕೊಳ್ಳಿ."

ಕೌಂಟರ್‌ನವನು ಮುಖ ಬೇರೆ ಕಡೆ ತಿರುಗಿಸಿದ.

ಇನ್‌ಸ್ಪೆಕ್ಟರು ಡ್ರಾವರ್ ತೆರೆಯಲಿಲ್ಲ. ಎದ್ದು ಹೋಗಿ ತೆರೆದಿದ್ದರೆ ನಾಲ್ಕು ಹೆಜ್ಜೆಯೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಹಾಗೆ ಹಾಳೆಯ ಮೇಲೆ ಒಂದೇ ಸಾಲು ಬರೆದರು. 'ಫಾರ್ಮಸಿಸ್ಟ್ ಒಪ್ಪಿಗೆ ನೀಡಿಲ್ಲ.' ಹೊಲಿಗೆಯವಳು ಆ ಸಾಲಿನಲ್ಲಿರಲಿಲ್ಲ. "ಬೇರೆ ಫಾರ್ಮಸಿಸ್ಟ್ ಸಿಕ್ಕಿದ ಮೇಲೆ ಹೊಸದಾಗಿ ಅರ್ಜಿ ಹಾಕಿ," ಎಂದು ಯಜಮಾನರಿಗೆ ಹೇಳಿ ಹೊರಟರು.

ಅವರ ಗಾಡಿಯ ಸದ್ದು ಮರೆಯಾಗುವ ತನಕ ಯಜಮಾನರು ಕಾದರು.

"ಥೂ. ಮೋರೀಲಿದ್ದವಳನ್ನ ಮೇಜಿನ ಮೇಲೆ ಕೂರಿಸಿದೆನಲ್ಲ, ನನಗೆ ಬುದ್ಧಿ ಇಲ್ಲ. ಹೆಣದ ವಾಸನೆ ಹೋಗಲ್ಲ ಅಂತಾರೆ, ನಿಜ. ಸರ್ಟಿಫಿಕೇಟಿಗೆ ಬರ ಬಂದಿದೆ ಅಂದ್ಕೊಂಡ್ಯಾ? ಬೀದಿಗೆ ಹತ್ತು ಸಿಗುತ್ತೆ."

"ಸಿಗುತ್ತೆ ಯಜಮಾನ್ರೇ. ನಂದು ಬೇಡ."

ಅವಳು ಸ್ಟೂಲು ಹತ್ತಿ ಚೌಕಟ್ಟು ಇಳಿಸಿದಳು. ಯಾರೂ ಸ್ಟೂಲು ಹಿಡಿಯಲಿಲ್ಲ. ಪ್ಯಾಕಿಂಗ್ ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು, ಯಜಮಾನರ ಮುಖ ನೋಡಿ ನಿಂತಳು.

*

ಅಪ್ಪ ಅವಳೊಡನೆ ಮಾತು ಬಿಟ್ಟ. ಬೈಯಲಿಲ್ಲ. ತಟ್ಟೆ ಹಾಕಿದರೆ ಉಂಡು ಕೈ ತೊಳೆದು ಹೋಗುತ್ತಿದ್ದ. ಬೆಳಗಾದರೆ ಎಲ್ಲಿಗೋ ಹೊರಡುತ್ತಿದ್ದ. ಹಳೆಯ ಗೆಳೆಯರ ಹತ್ತಿರ ಕೂರಲು ಎಂದುಕೊಂಡಳು. ಓಣಿಯವರು ಎದುರು ಸಿಕ್ಕರೆ "ಏನೇ ಗುಳಿಗೆ, ಅಂಗಡಿ ಓಪನ್ ಯಾವಾಗ?" ಎಂದು ಕೇಳುತ್ತಿದ್ದರು. ಅವಳು ಬೇರೆ ಮೆಡಿಕಲ್ ಸ್ಟೋರುಗಳಿಗೆ ಅಲೆದಳು. ಎರಡು ಕಡೆ ಸರ್ಟಿಫಿಕೇಟು ಮಾತ್ರ ಕೇಳಿದರು. ಒಂದು ಕಡೆ ಓಣಿ ಯಾವುದೆಂದು ಕೇಳಿದರು.

ವಾರದ ಕೊನೆಗೆ ಪ್ಯಾಕಿಂಗ್ ಅಕ್ಕ ಮನೆಗೆ ಬಂದಳು. ಜೋರು ಬಾಯಿಯವಳು ಅವತ್ತು ಪಿಸುಗುಟ್ಟಿದಳು.

"ನಿಮ್ಮಪ್ಪ ದಿನಾ ಅಲ್ಲಿಗೆ ಬರ್ತಿದ್ದಾರೆ ಕಣೇ. ಹಿಂದಿನ ಮೆಟ್ಟಿಲ ಮೇಲೆ ಕೂತಿರ್ತಾರೆ. ಯಾರೂ ಹೇಳದೇನೇ ಮೋರಿ ಬಳಿದು ನೀರು ಬಿಡ್ತಾರೆ. ಮಗಳು ಚಿಕ್ಕವಳು, ತಿಳೀದೆ ಅಂದ್ಬಿಟ್ಟಳು, ಕ್ಷಮಿಸಿ ಅಂತ ಹೇಳೋಕೆ. ಯಜಮಾನರು ಈಗ ಬಾ, ಆಗ ಬಾ ಅಂತ ಕೂರಿಸ್ತಿದ್ದಾರೆ. ನನಗೆ ನೋಡೋಕಾಗಲ್ಲ."

ಗುಳಿಗೆ ಚಪ್ಪಲಿ ಮೆಟ್ಟಿ ಹೊರಟಳು.

ಅಪ್ಪ ಅಲ್ಲೇ ಇದ್ದ. ಪಕ್ಕದಲ್ಲಿ ಬಕೆಟ್ಟು. ತೊಡೆಯ ಮೇಲೆ ಮಡಚಿದ ಅಂಗಿ. ತೆರೆದ ಹಿಂಬಾಗಿಲಿನಿಂದ ಒಳಗೆಲ್ಲ ಕಾಣುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಮೇಜಿರಲಿಲ್ಲ, ಪ್ಯಾಕಿಂಗ್ ಹಲಗೆ ಬಂದಿತ್ತು. ಗೋಡೆಯ ಅದೇ ಮೊಳೆಗೆ ಬೇರೆ ಚೌಕಟ್ಟು. ಸಣ್ಣ ಫೋಟೋದಲ್ಲಿ ಯಾರೋ ಎಳೆ ಮುಖದವನು, ಕೊರಳಿಗೆ ದೊಗಲೆ ಟೈ. ಅವನ ಅಪ್ಪನೂ ಯಾವ ಓಣಿಯವನೋ, ಏನು ಮಾರಿ ಓದಿಸಿದವನೋ. ಅವನು ಹೌದು ಎನ್ನುತ್ತಾನೆ. ಅವಳ 'ಇಲ್ಲ' ಒಂದು ವಾರವೂ ಬಾಳಲಿಲ್ಲ.

ಅವಳು ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಮನೆಗೆ ಹೋಗೋಣ ಅಪ್ಪಾ."

"ಒಂದೇ ಒಂದು ಮಾತು ಮಗಳೇ. ಹೌದು ಅಂತ ಒಂದು ಮಾತು ಅನ್ನೋಕೆ ಬಾಯಿ ಸವೀತಿತ್ತಾ?" ಅವನು ಇಷ್ಟು ದಿನಕ್ಕೆ ಆಡಿದ ಮೊದಲ ಮಾತು ಅದು. "ಈಗಲೂ ಕೇಳ್ತೀನಿ. ಹಳೇ ಅಂಗಡೀಲಾದ್ರೂ ಇಟ್ಕೊಳ್ಳಿ ಅಂತ ಕಾಲು ಹಿಡೀತೀನಿ."

"ನೀನು ಅಷ್ಟು ವರ್ಷ ಕೊಯ್ದೆಯಲ್ಲ, ಒಂದು ಸಲವಾದ್ರೂ ಡಾಕ್ಟ್ರು ಒಳಗೆ ಬಂದು ಹೆಣ ಮುಟ್ಟಿ ನೋಡಿದ್ರಾ?"

"ಇಲ್ಲ."

"ಹಾಗಂತ ಯಾರಾದ್ರೂ ನಿನ್ನ ಕೇಳಿದ್ರಾ? ಏನಪ್ಪಾ, ಇದನ್ನ ಡಾಕ್ಟ್ರೇ ನೋಡಿದ್ರಾ ಅಂತ?"

"ನನ್ನ ಯಾರು ಕೇಳ್ತಾರೆ?"

"ನನ್ನ ಕೇಳಿದ್ರು ಅಪ್ಪಾ. ಎದುರಿಗೆ ಕುರ್ಚಿ ಹಾಕ್ಕೊಂಡು ಕೂತು, ಪೆನ್ನು ಹಿಡ್ಕೊಂಡು ಕೇಳಿದ್ರು. ನಮ್ಮ ಓಣೀಲಿ ಹುಟ್ಟಿದ ಒಬ್ಬರನ್ನ ಅವತ್ತು ಕೇಳಿದ್ರು. ಸುಳ್ಳು ಹೇಳಬೇಕಿತ್ತಾ?"

ಅಪ್ಪ ತನ್ನ ಕೈ ನೋಡಿಕೊಂಡ. ಬೆರಳ ಸಂದಿಯಲ್ಲಿ ಮೋರಿಯ ಕಪ್ಪು ಇನ್ನೂ ಇತ್ತು.

"ಆ ಹೊಲಿಗೆಯವಳ ಬಾಯಿ," ಎಂದ. "ನಾನೇ ಮುಚ್ಚಿದ್ದು. ಮುಚ್ಚೋಕೆ ಬರ್ತಿರಲಿಲ್ಲ. ಬಟ್ಟೆ ಕಟ್ಟಿದೆ. ನಾನು ಬರ್ಕೊಳ್ಳಿ ಅಂತ ಅನ್ನಲಿಲ್ಲ."

ಅಷ್ಟರಲ್ಲಿ ಒಳಗಿನಿಂದ ಯಜಮಾನರ ಧ್ವನಿ ಕೇಳಿಸಿತು. ಪ್ಯಾಕಿಂಗ್ ಅಕ್ಕ ಬಾಗಿಲಿಗೆ ಬಂದಳು. ಇಬ್ಬರ ಮುಖವನ್ನೂ ನೋಡಲಾರದೆ ಗೋಡೆಯ ಕಡೆ ನೋಡಿಕೊಂಡು ಹೇಳಿದಳು.

"ಯಜಮಾನರು ಕರೀತಿದ್ದಾರೆ. ಕಾಲು ತೊಳ್ಕೊಂಡು ಬರಬೇಕಂತೆ."

ಅಪ್ಪ ಎದ್ದ. ಗೋಡೆ ಹಿಡಿದುಕೊಂಡೇ ಎದ್ದ. ಅಭ್ಯಾಸದಂತೆ ನಲ್ಲಿಯ ಕಡೆ ತಿರುಗಿದವನು ನಿಂತುಬಿಟ್ಟ. ಬಾಯಿ ತೆರೆದ. ಮಾತು ಹೊರಡಲಿಲ್ಲ.

ಮಗಳು ಕಾದಳು. ಹೇಳಿಕೊಡಲಿಲ್ಲ.

"ಬರಲ್ಲಮ್ಮಾ," ಎಂದ ಅಪ್ಪ. ಎಷ್ಟು ಮೆಲ್ಲಗೆಂದರೆ ಪ್ಯಾಕಿಂಗ್ ಅಕ್ಕ "ಏನು?" ಎಂದಳು.

ಅಪ್ಪ ಅಂಗಿಯಿಂದ ಕಣ್ಣೊರೆಸಿಕೊಂಡು ಇನ್ನೊಂದು ಸಲ ಹೇಳಿದ.